ಆಪತ್ತಿನಲ್ಲಿ ಸೇವೆಮಾಡುವವರ ಯೋಗಕ್ಷೇಮ

ಇಂಥ ಸಂಚಿಕೆಗಳಲ್ಲಿ ಸೇವೆಯ ಮಹಿಮೆಯನ್ನು ಕುರಿತು ಒಂದು ಲೇಖನವಾದರೂ ಇರುವುದು ವಾಡಿಕೆ. ಅದು ಯುಕ್ತವೇ ಸರಿ. ಪರರ ಕಷ್ಟಕ್ಕೆ ಮರುಗಿ ಕೈನೀಡುವುದನ್ನು ಕಲಿಸದ ಶಾಲೆಯು ಕ್ರೈಸ್ತ ಶಾಲೆಯೆನಿಸಿಕೊಳ್ಳಲಾರದು. ಆದರೆ ಆ ಪಾಠದ ಒಂದು ಭಾಗವನ್ನು ಮಾತ್ರ ನಾವು ಬಹುಕಾಲದಿಂದ ಹೇಳುತ್ತ ಬಂದು, ಇನ್ನೊಂದು ಭಾಗವನ್ನು ಹೇಳದೆಯೇ ಬಿಟ್ಟಿದ್ದೇವೆಂದು ನಮಗೆ ಈಚೆಗೆ ತೋರತೊಡಗಿದೆ. ಆಪತ್ಕಾಲದಲ್ಲಿ ಸೇವೆಗೆ ಹೋದವಳ ಮನಸ್ಸನ್ನು ಕಾಯತಕ್ಕವರು ಯಾರು? ಅವಳು ತನ್ನ ಮನಸ್ಸನ್ನು ತಾನು ಹೇಗೆ ನೋಡಿಕೊಳ್ಳಬೇಕು? ಈ ಎರಡು ಪ್ರಶ್ನೆಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಈ ವಿಚಾರವು ನಮ್ಮ ಮನಸ್ಸಿಗೆ ಬಂದದ್ದು ಪುಸ್ತಕದಿಂದಲ್ಲ. ನಾವು ಶಿವನಿಯವರು. ನಮ್ಮಲ್ಲಿ ಓದಿದ ಅದೇ ಕಡೆಯ ಹುಡುಗಿಯೊಬ್ಬಳು ದಾದಿಯ ಕೆಲಸವನ್ನು ಕಲಿತು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿದ್ದಳು. 2021ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಕೋವಿಡ್ ರೋಗದ ಎರಡನೆಯ ಅಲೆಯು ಎದ್ದಾಗ ಅವಳು ಹಗಲಿರುಳೆನ್ನದೆ ರೋಗಿಗಳ ಬಳಿ ನಿಂತಳು. ಆ ಮೇ ತಿಂಗಳ 5ನೆಯ ತಾರೀಖು ಒಂದೇ ದಿನ ಕರ್ನಾಟಕದಲ್ಲಿ 50,000ಕ್ಕೂ ಮಿಕ್ಕಿ ಹೊಸ ರೋಗಿಗಳು ಲೆಕ್ಕಕ್ಕೆ ಬಂದರೆಂಬುದನ್ನೂ, ಬೆಂಗಳೂರಿನ ಚಿತಾಗಾರಗಳು ಸಾಲದೆ ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಿನಲ್ಲಿಯೇ ಚಿತೆಗಳನ್ನು ಒಟ್ಟಬೇಕಾಯಿತೆಂಬುದನ್ನೂ ವಾಚಕರು ಮರೆತಿರಲಾರರು. ಅಲೆಯು ಇಳಿದ ಮೇಲೆ ಅವಳು ರಜೆಯ ಮೇಲೆ ಊರಿಗೆ ಬಂದಳು. ಹೆಸರನ್ನು ಹೇಳದೆ ಈ ಸಂಗತಿಯನ್ನು ಬರೆಯಲು ಅವಳೇ ನಮಗೆ ಅಪ್ಪಣೆ ಕೊಟ್ಟಿದ್ದಾಳೆ.

ಅವಳು ಬಂದ ನಾಲ್ಕನೆಯ ದಿನ ಅವಳ ತಾಯಿಯು ನಮ್ಮನ್ನು ಹುಡುಕಿಕೊಂಡು ಬಂದು, “ಟೀಚರಮ್ಮ, ಮಗಳು ಊಟ ಮಾಡುತ್ತಾಳೆ, ಮಾತಾಡುವುದಿಲ್ಲ. ಫೋನು ಸದ್ದಾದರೆ ಬೆಚ್ಚಿಬೀಳುತ್ತಾಳೆ. ರಾತ್ರಿಯೆಲ್ಲ ಜಗಲಿಯ ಮೇಲೆ ಕೂತಿರುತ್ತಾಳೆ. ನೀವಾದರೂ ಒಂದು ಮಾತು ಹೇಳಿ” ಎಂದು ಕಣ್ಣೀರಿಟ್ಟರು. ನಾವು ಹೋದೆವು. ಹೋಗಿ ಮಾಡಿದ್ದೇನು? “ದೇವರು ನಿನ್ನನ್ನು ದೊಡ್ಡ ಕಾರ್ಯಕ್ಕೆ ಉಪಯೋಗಿಸಿಕೊಂಡನು, ಶಾಲೆಗೆ ನಿನ್ನಿಂದ ಕೀರ್ತಿ ಬಂತು, ಧೈರ್ಯವಾಗಿರು” ಎಂದು ಹೊಗಳಿ, ಪ್ರಾರ್ಥನೆ ಮಾಡಿ ಬಂದೆವು. ಅವಳು ತಲೆತಗ್ಗಿಸಿಕೊಂಡು ಕೇಳಿದಳು. ಒಂದು ಮಾತೂ ಆಡಲಿಲ್ಲ. ಮಾರನೆಯ ದಿನ ಈರುಳ್ಳಿಯ ಹೊಲದ ಬದುವಿನ ಮೇಲೆ ಒಬ್ಬಳೇ ಕುಳಿತಿದ್ದವಳ ಪಕ್ಕದಲ್ಲಿ ನಾವು ಏನೂ ಹೇಳದೆ ಬಹಳ ಹೊತ್ತು ಕುಳಿತೆವು. ಆಗ ಅವಳು ತಾನಾಗಿಯೇ, ಸಾಯುತ್ತಿದ್ದವರ ಕಿವಿಗೆ ತಾನು ಫೋನನ್ನು ಹಿಡಿದು ನಿಲ್ಲುತ್ತಿದ್ದುದನ್ನೂ, ಆ ಕಡೆಯಿಂದ ಮಕ್ಕಳು ‘ಅಪ್ಪಾ’, ‘ಅಮ್ಮಾ’ ಎಂದು ಕೂಗುತ್ತಿದ್ದುದನ್ನೂ, ಆ ಕೂಗು ಈಗಲೂ ತನಗೆ ಕೇಳಿಸುತ್ತದೆಂಬುದನ್ನೂ ಹೇಳಿದಳು. ಕೊನೆಗೆ, “ಟೀಚರ್, ಹೋಗು ಎಂದು ನೀವೆಲ್ಲ ಹೇಳಿಕೊಟ್ಟಿರಿ. ಇನ್ನು ಸಾಕು, ಬಾ ಎಂದು ಯಾರೂ ಹೇಳಲಿಲ್ಲ” ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನವೇ ಆ ಉತ್ತರವನ್ನು ಹುಡುಕುವ ಪ್ರಯತ್ನವೆಂದು ವಾಚಕರು ತಿಳಿಯಬೇಕು.

ನಮ್ಮ ನಾಡಿಗೆ ಆಪತ್ತು ಹೊಸದಲ್ಲ. 1876ರಿಂದ 1878ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯು ಎಷ್ಟು ಕುಗ್ಗಿತೆಂದರೆ, 1871ರಲ್ಲಿ 50 ಲಕ್ಷದಷ್ಟಿದ್ದದ್ದು 1881ರ ಖಾನೇಷುಮಾರಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ತಬ್ಬಲಿಗಳಾದ ಮಕ್ಕಳನ್ನು ಮಿಷನ್ನಿನವರು ಅನಾಥಾಲಯಗಳಲ್ಲಿ ಸೇರಿಸಿಕೊಂಡು ಸಾಕಿದರು. 1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ಬೆಂಗಳೂರಿಗೆ ಬಂದದ್ದು ನಮ್ಮ ಶಿವನಿಯ ಮೇಲೆ ಹಾದುಹೋಗುವ ಇದೇ ರೈಲುದಾರಿಯಲ್ಲಿ. ಜನರು ಊರುಗಳನ್ನು ಬಿಟ್ಟು ಹೊಲಗಳಲ್ಲಿ ಜೋಪಡಿಗಳನ್ನು ಹಾಕಿಕೊಂಡರು. 1918ರಲ್ಲಿ ಇನ್‌ಫ್ಲೂಯೆಂಜಾ ಜ್ವರವು ಮನೆಮನೆಗಳನ್ನು ಹೊಕ್ಕಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2020 ಮತ್ತು 2021ರಲ್ಲಿ ಕೋವಿಡ್ ಬಂತು. ಆಗ ಬೆಂಗಳೂರಿನಲ್ಲಿ ‘ಮರ್ಸಿ ಏಂಜಲ್ಸ್’ ಎಂಬ ಹೆಸರಿನಿಂದ ಸೇರಿದ ಕ್ರೈಸ್ತ ಸ್ವಯಂಸೇವಕರು ಮತಭೇದವನ್ನೆಣಿಸದೆ, ಬಂಧುಗಳು ಬರಲಾರದವರ ಶವಸಂಸ್ಕಾರವನ್ನು ನಡೆಯಿಸಿಕೊಟ್ಟರು. ಪ್ರತಿಯೊಂದು ಸಾರಿಯೂ ಹೋದವರುಂಟು. ಹೋದವರಲ್ಲಿ ಹೆಂಗಸರು ಕಡಮೆಯಲ್ಲ. ಆದರೆ ಇಂಥ ಕೆಲಸದ ವರದಿಗಳಲ್ಲಿ ಎಷ್ಟು ಜನಕ್ಕೆ ಗಂಜಿ ಕೊಟ್ಟೆವು, ಎಷ್ಟು ಜನಕ್ಕೆ ಔಷಧ ಹಾಕಿದೆವು ಎಂಬ ಲೆಕ್ಕ ಸಿಕ್ಕುತ್ತದೆ. ಗಂಜಿ ಬಡಿಸಿದವಳಿಗೆ ಆ ರಾತ್ರಿ ನಿದ್ರೆ ಬಂತೇ ಎಂಬುದು ಎಲ್ಲಿಯೂ ಸಿಕ್ಕುವುದಿಲ್ಲ.

ಅಷ್ಟೇ ಅಲ್ಲ, ನಾವು ಮಕ್ಕಳಿಗೆ ಹೇಳುವ ಸತ್ಪುರುಷರ ಕಥೆಗಳೂ ಅರ್ಧದಲ್ಲಿಯೇ ನಿಲ್ಲುತ್ತವೆ. ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯು ದೀಪವನ್ನು ಹಿಡಿದು ಗಾಯಾಳುಗಳ ನಡುವೆ ನಡೆದಾಡಿದ ಚಿತ್ರವನ್ನು ನೋಡದ ಹುಡುಗಿಯು ಯಾವ ಮಿಷನ್ ಶಾಲೆಯಲ್ಲಿಯೂ ಇರಲಾರಳು. ಆಕೆಯು 1856ರಲ್ಲಿ ಯುದ್ಧಭೂಮಿಯಿಂದ ಹಿಂದಿರುಗಿದ ಮೇಲೆ ದೇಹವೂ ಮನಸ್ಸೂ ಬಳಲಿ, ಬಹು ವರ್ಷಗಳನ್ನು ಹಾಸಿಗೆಯಲ್ಲಿಯೇ ಕಳೆದಳೆಂಬುದನ್ನು ನಾವು ಹೇಳಿಕೊಟ್ಟೆವೇ? ಹೇಳಿದ್ದರೆ ಆಕೆಯ ಮಹಿಮೆಯು ಕುಂದುತ್ತಿರಲಿಲ್ಲ. ಕೇಳಿದ ಹುಡುಗಿಯರಿಗೆ ಎಚ್ಚರಿಕೆಯು ಹುಟ್ಟುತ್ತಿತ್ತು.

ಈ ಬಳಲಿಕೆಯ ವಿಷಯವಾಗಿ ಈಗ ಬಲ್ಲವರು ಬಹಳಷ್ಟು ತಿಳಿದಿದ್ದಾರೆ. ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ನ್ಯೂಯಾರ್ಕಿನ ಧರ್ಮಾರ್ಥ ಚಿಕಿತ್ಸಾಲಯದ ಕೆಲಸಗಾರರನ್ನು ನೋಡಿ, ಅತ್ಯಂತ ಶ್ರದ್ಧೆಯಿಂದ ಕೆಲಸಕ್ಕೆ ತೊಡಗಿದವರೇ ಬೇಗ ಬತ್ತಿಹೋಗುವರೆಂದು ಬರೆದರು. ಎಣ್ಣೆ ತೀರಿದ ಮೇಲೆ ಬತ್ತಿಯೇ ಉರಿಯುವಂತೆ ಎಂದು ನಾವು ಇದನ್ನು ತಿಳಿಯಬಹುದು. ಇನ್ನೊಂದು ವಿಧವುಂಟು: ಕಣ್ಣಾರೆ ಕಂಡ ಪರರ ಸಂಕಟವು ಕಂಡವರ ಮನಸ್ಸಿನಲ್ಲಿಯೇ ನಾಟಿಕೊಳ್ಳುವುದು. ನಿದ್ರೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಕಂಡದ್ದು ಮತ್ತೆ ಮತ್ತೆ ಕಣ್ಣಮುಂದೆ ಬರುವುದು, ನಿಷ್ಕಾರಣವಾದ ಸಿಡುಕು, ಯಾವುದರಲ್ಲಿಯೂ ರುಚಿ ಇಲ್ಲದಿರುವುದು, ‘ನಾನು ಇನ್ನಷ್ಟು ಮಾಡಬಹುದಾಗಿತ್ತು’ ಎಂಬ ಅಪರಾಧದ ಭಾವನೆ, ಇವೇ ಅದರ ಗುರುತುಗಳು. ವಿಶ್ವಾಸಿಗಳಲ್ಲಿ ಇದರ ಜತೆಗೆ ಮತ್ತೊಂದು ಸೇರುವುದು: ಪ್ರಾರ್ಥನೆಗೆ ಕುಳಿತರೆ ಮಾತು ಹೊರಡದಿರುವುದು, ಅದರಿಂದ ‘ನನ್ನ ನಂಬಿಕೆಯೇ ಹೋಯಿತೋ’ ಎಂಬ ಭಯ. ಇವು ನಂಬಿಕೆಯ ಕೊರತೆಯಲ್ಲ, ಹೇಡಿತನವೂ ಅಲ್ಲ. ಭಾರ ಹೊತ್ತ ಹೆಗಲು ನೋಯುವಂತೆಯೇ ಇದೂ ಒಂದು ನೋವು.

‘ತನ್ನನ್ನು ತಾನು ನಿರಾಕರಿಸಿ ಶಿಲುಬೆಯನ್ನು ಹೊರತಕ್ಕವಳು ತನ್ನ ಸುಖವನ್ನು ನೋಡಿಕೊಳ್ಳಬಹುದೇ?’ ಎಂದು ಕೆಲವರು ಕೇಳುವರು. ಪ್ರಶ್ನೆಯು ಸಣ್ಣದಲ್ಲ. ಪುಣೆಯಲ್ಲಿ ಪ್ಲೇಗು ರೋಗಿಗಳ ಶುಶ್ರೂಷೆಗೆ ನಿಂತ ಸಾವಿತ್ರೀಬಾಯಿ ಫುಲೆಯವರು ಅದೇ ರೋಗ ತಗಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲನ್ನು ತೆರೆದ ಆ ತಾಯಿಯ ಮುಂದೆ ನಾವು ತಲೆಬಾಗುತ್ತೇವೆ. ಪ್ರಾಣವನ್ನೇ ಕೊಡಬೇಕಾದ ಗಳಿಗೆಯೊಂದು ಬರಬಹುದು. ಬಂದಾಗ ಕೊಡುವವರು ಧನ್ಯರು. ಆದರೆ ಕೊಡಬೇಕಾದ ಗಳಿಗೆಯು ಬೇರೆ, ಗಮನವಿಲ್ಲದೆ ಹಾಳುಮಾಡುವುದು ಬೇರೆ. ಊಟ ಬಿಟ್ಟು ನಿದ್ರೆಗೆಟ್ಟು ಸೊರಗಿದ ದಾದಿಯಿಂದ ರೋಗಿಗೇನು ಲಾಭ? ಔಷಧದ ಪ್ರಮಾಣವನ್ನು ಅಳೆಯುವ ಕೈ ನಡುಗಿದರೆ ಅದರ ಫಲವನ್ನು ಉಣ್ಣುವವನು ರೋಗಿಯೇ ಅಲ್ಲವೇ?

ಸತ್ಯವೇದವೂ ನಮಗೆ ಬೇರೆ ಪಾಠವನ್ನೇ ಕಲಿಸುತ್ತದೆ. ಕರ್ಮೆಲ್ ಬೆಟ್ಟದ ಮೇಲೆ ಮಹತ್ಕಾರ್ಯವನ್ನು ಮಾಡಿದ ಎಲೀಯನು, ಬಳಿಕ ಪ್ರಾಣಭಯದಿಂದ ಓಡಿಹೋಗಿ, ತನ್ನ ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು, ಒಬ್ಬನೇ ಅಡವಿಯನ್ನು ಹೊಕ್ಕು, ಒಂದು ಗಿಡದ ಕೆಳಗೆ ಕುಳಿತು ಮರಣವನ್ನು ಬೇಡಿಕೊಂಡನು. ದೇವರು ಅವನನ್ನು ಗದರಿಸಲಿಲ್ಲ, ಉಪದೇಶಿಸಲೂ ಇಲ್ಲ. ಮೊದಲು ನಿದ್ರೆಯನ್ನು ಕೊಟ್ಟನು. ದೂತನ ಕೈಯಿಂದ ತಟ್ಟಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಪುನಃ ಮಲಗಗೊಟ್ಟು, ಪುನಃ ಉಣ್ಣಿಸಿದನು. ಮಾತು ಬಂದದ್ದು ಬಹಳ ದಿನಗಳ ಮೇಲೆ. ಅದಾದ ಬಳಿಕ ಎಲೀಷನೆಂಬ ಜತೆಗಾರನನ್ನೂ ದಯಪಾಲಿಸಿದನು. ನಾವಾದರೋ ಆ ಹುಡುಗಿಯ ಮನೆಗೆ ಹೋಗಿ, ದೇವರು ಕೊನೆಯಲ್ಲಿ ಮಾಡಿದ್ದನ್ನು ಮೊದಲಲ್ಲಿಯೇ ಮಾಡಹೊರಟಿದ್ದೆವು.

ಒಳ್ಳೇ ಸಮಾರ್ಯದವನ ಸಾಮ್ಯವನ್ನೂ ಕೊನೆಯ ವರೆಗೆ ಓದತಕ್ಕದ್ದು. ಅವನು ಗಾಯಗಳನ್ನು ಕಟ್ಟಿದನು, ತನ್ನ ವಾಹನದ ಮೇಲೆ ಕೂರಿಸಿ ಚತ್ರಕ್ಕೆ ಕರೆತಂದನು, ಆ ರಾತ್ರಿ ಆರೈಕೆಮಾಡಿದನು. ಮರುದಿನ ಎರಡು ನಾಣ್ಯಗಳನ್ನು ಚತ್ರದವನ ಕೈಯಲ್ಲಿಟ್ಟು, ಇವನನ್ನು ನೋಡಿಕೊಳ್ಳೆಂದು ಒಪ್ಪಿಸಿ, ತಿರುಗಿ ಬರುವೆನೆಂದು ಹೇಳಿ ಹೊರಟುಹೋದನು. ಇನ್ನೊಬ್ಬನ ಕೈಗೆ ಒಪ್ಪಿಸಿ ಹೊರಟದ್ದರಿಂದ ಅವನ ಪ್ರೀತಿಯು ಕಡಮೆಯಾಯಿತೆಂದು ಕರ್ತನು ಹೇಳಲಿಲ್ಲ. ಅವನನ್ನೇ ನಿಜವಾದ ನೆರೆಯವನೆಂದು ತೋರಿಸಿದನು. ನಮ್ಮ ಹುಡುಗಿಯರಿಗೆ ನಾವು ಸಮಾರ್ಯದವನನ್ನು ತೋರಿಸಿದೆವು, ಚತ್ರದವನನ್ನು ತೋರಿಸಲಿಲ್ಲ. ಒಬ್ಬಳು ಕೆಳಗಿಟ್ಟ ಭಾರವನ್ನು ಎತ್ತಿಕೊಳ್ಳಲು ಇನ್ನೊಬ್ಬಳಿರಬೇಕು. ಹಾಗಿಲ್ಲದ ಪಕ್ಷದಲ್ಲಿ ‘ನೀನು ವಿಶ್ರಾಂತಿ ತೆಗೆದುಕೋ’ ಎಂದು ಹೇಳುವುದು ಬರಿಯ ಬಾಯಿಮಾತಾಗುವುದು.

ನಮ್ಮ ನೆರೆಯ ಅಜ್ಜಂಪುರದಲ್ಲಿರುವ ಅಮೃತಮಹಲ್ ತಳಿ ಸಂವರ್ಧನ ಕೇಂದ್ರವನ್ನು ಬಾಲ್ಯದಲ್ಲಿ ನೋಡಿದವರು ನಮ್ಮಲ್ಲಿ ಅನೇಕರುಂಟು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಕರೆಯಿಸಿಕೊಂಡು, ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ಆ ದನಗಳ ಎತ್ತುಗಳು ಯುದ್ಧದಲ್ಲಿ ಫಿರಂಗಿಗಳನ್ನು ಎಳೆದವು. ದಣಿವರಿಯದ ಎತ್ತುಗಳೆಂದು ಅವುಗಳಿಗೆ ಹೆಸರು. ಆದರೆ ಅವುಗಳನ್ನು ಸಾಕಿದವರು ದಣಿವನ್ನು ಬಲ್ಲವರಾಗಿದ್ದರು. ಆದಕಾರಣವೇ ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ನಾಡಿನ ಉದ್ದಗಲಕ್ಕೂ ಅವುಗಳಿಗಾಗಿ ಹುಲ್ಲುಗಾವಲುಗಳನ್ನು ಗೊತ್ತುಮಾಡಿ ‘ಕಾವಲು’ಗಳೆಂದು ಬಿಟ್ಟಿದ್ದರು. ಫಿರಂಗಿಯನ್ನು ಎಳೆಯತಕ್ಕ ಎತ್ತಿಗೆ ಕಾವಲನ್ನು ಕೊಡುವುದು ದಯೆಯಲ್ಲ, ಸೈನ್ಯದ ಕೆಲಸದ ಒಂದು ಭಾಗವೆಂದು ದೊರೆಗಳು ತಿಳಿದಿದ್ದರು. ಎತ್ತುಗಳಿಗೆ ನಡೆಯಿಸಿದ ನ್ಯಾಯವನ್ನು ನಮ್ಮ ಹೆಣ್ಣುಮಕ್ಕಳಿಗೆ ನಡೆಯಿಸದಿದ್ದರೆ ಹೇಗೆ?

ಆದುದರಿಂದ ನಮ್ಮ ಅಭಿಪ್ರಾಯವು ಇಷ್ಟೇ: ಆಪತ್ತಿಗೆ ಹೋದವಳ ವಿಶ್ರಾಂತಿಯು ಸೇವೆ ಮುಗಿದ ಮೇಲೆ ಕೊಡುವ ಬಹುಮಾನವಲ್ಲ, ಸೇವೆಯ ಒಂದು ಅಂಗವೇ, ಮತ್ತು ಅದನ್ನು ಒದಗಿಸಿಕೊಡುವ ಹೊಣೆಯು ಅವಳೊಬ್ಬಳದಲ್ಲ, ಅವಳನ್ನು ಕಳುಹಿಸಿದವರದು. ಕಳುಹಿಸಿದವರೆಂದರೆ ಸಭೆ, ಶಾಲೆ, ಮನೆ ಮೂರೂ ಸರಿ.

ಸಭೆಯವರು ಮಾಡತಕ್ಕದ್ದೇನು? ಯಾರನ್ನೂ ಒಂಟಿಯಾಗಿ ಕಳುಹಿಸಬಾರದು. ಕರ್ತನು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದನು. ಹೊರಡುವ ದಿನ ಆಶೀರ್ವದಿಸಿ ಬೀಳ್ಕೊಡುವಂತೆಯೇ, ಹಿಂದಿರುಗತಕ್ಕ ದಿನವನ್ನೂ ಅವಳ ಸ್ಥಾನಕ್ಕೆ ಹೋಗತಕ್ಕವಳನ್ನೂ ಅಂದೇ ಗೊತ್ತುಮಾಡಬೇಕು. ಬಂದವಳನ್ನು ಮುಂದಿನ ಭಾನುವಾರವೇ ವೇದಿಕೆಗೆ ಹತ್ತಿಸಿ ಸಾಕ್ಷಿ ಹೇಳಿಸಬಾರದು. ಅವಳಾಗಿ ಹೇಳುವ ವರೆಗೆ ಕಾಯತಕ್ಕದ್ದು. ಕಂಡದ್ದನ್ನೆಲ್ಲ ಒಡನೆಯೇ ಬಲವಂತದಿಂದ ಹೇಳಿಸಿದರೆ ಮನಸ್ಸು ಹಗುರವಾಗುವುದೆಂದು ಮೊದಲು ತಿಳಿದಿದ್ದರು. ಒಂದೇ ಕೂಟದಲ್ಲಿ ಹಾಗೆ ಹೇಳಿಸುವುದರಿಂದ ಪ್ರಯೋಜನವಿಲ್ಲವೆಂದೂ, ಕೆಲವರಿಗೆ ಕೇಡೇ ಆಗಬಹುದೆಂದೂ ಈಚಿನ ಪರಿಶೋಧನೆಗಳಿಂದ ತಿಳಿದುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯು ವರ್ಲ್ಡ್ ವಿಷನ್ ಎಂಬ ಕ್ರೈಸ್ತ ಸಂಸ್ಥೆಯೇ ಮೊದಲಾದವರೊಡನೆ 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯು ಸಹ ಮಾತಾಡಲು ಯಾರನ್ನೂ ಒತ್ತಾಯಿಸಬಾರದೆಂದು ಹೇಳಿ, ನೆರವಿಗೆ ಹೋದವರು ತಮ್ಮನ್ನೂ ಜತೆಗಾರರನ್ನೂ ನೋಡಿಕೊಳ್ಳತಕ್ಕ ರೀತಿಗೆ ಒಂದು ಭಾಗವನ್ನೇ ಮೀಸಲಿಟ್ಟಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1984ರ ಭೋಪಾಲದ ವಿಷಾನಿಲ, 2001ರ ಗುಜರಾತಿನ ಭೂಕಂಪ, 2004ರ ಸುನಾಮಿ ಮೊದಲಾದ ವಿಪತ್ತುಗಳಲ್ಲಿ ಕೆಲಸಮಾಡಿದ ಅನುಭವದಿಂದ ಕಾರ್ಯಕರ್ತರಿಗೆ ಕೊಡುವ ಶಿಕ್ಷಣದಲ್ಲಿಯೂ ಕಾರ್ಯಕರ್ತರ ಸ್ವಂತ ಕ್ಷೇಮವು ಒಂದು ಪಾಠವಾಗಿದೆ.

ಸೇವೆಯಲ್ಲಿರುವ ಪೂರ್ವ ವಿದ್ಯಾರ್ಥಿನಿಯರಿಗೆ ಒಂದೆರಡು ಮಾತು. ಹೊತ್ತಿಗೆ ಸರಿಯಾಗಿ ಉಣ್ಣಿರಿ. ಸರದಿ ಮುಗಿದೊಡನೆ ಹೊರಡಿರಿ. ಹೊರಡುವಾಗ ಮುಂದಿನವಳಿಗೆ ಎಲ್ಲವನ್ನೂ ಒಪ್ಪಿಸಿ, ‘ಇನ್ನು ಇದು ಇವಳ ಕೈಯಲ್ಲಿ, ದೇವರ ಕೈಯಲ್ಲಿ’ ಎಂದು ಮನಸ್ಸಿಗೆ ಹೇಳಿಕೊಳ್ಳಿರಿ. ಅಳು ಬಂದರೆ ಅಳಿರಿ. ಬೇಥಾನ್ಯದಲ್ಲಿ ಸ್ನೇಹಿತನ ಸಮಾಧಿಯ ಬಳಿ ಕರ್ತನೂ ಅತ್ತನು. ನಂಬತಕ್ಕವಳಾದ ಒಬ್ಬ ಗೆಳತಿಯನ್ನು ಗೊತ್ತುಮಾಡಿಕೊಂಡು, ವಾರಕ್ಕೊಮ್ಮೆಯಾದರೂ ಅವಳೊಡನೆ ಇದ್ದದ್ದನ್ನು ಇದ್ದಂತೆ ಮಾತಾಡಿರಿ. ಪ್ರಾರ್ಥನೆಗೆ ಮಾತು ಬಾರದಿದ್ದರೆ ಸುಮ್ಮನೆ ಕುಳಿತುಕೊಳ್ಳಿರಿ. ನಿಮ್ಮ ಪರವಾಗಿ ಸಭೆಯು ಪ್ರಾರ್ಥಿಸುವುದು, ಅದಕ್ಕಾಗಿಯೇ ಸಭೆಯಿರುವುದು. ನಿದ್ರಾಭಂಗವೂ ಭಯವೂ ಕೆಲವು ವಾರಗಳಾದರೂ ಇಳಿಯದೆ ಹೋದರೆ, ಇಲ್ಲವೆ ಬದುಕೇ ಬೇಡವೆಂಬ ಯೋಚನೆಯು ಒಂದು ಸಾರಿಯಾದರೂ ಬಂದರೆ, ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು. 2022ರ ಅಕ್ಟೋಬರಿನಿಂದ ಸರಕಾರವು ನಡೆಯಿಸುತ್ತಿರುವ ‘ಟೆಲಿ ಮನಸ್’ ಎಂಬ ಸಹಾಯವಾಣಿಯು 14416 ಎಂಬ ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಖರ್ಚಿಲ್ಲದೆ, ಕನ್ನಡದಲ್ಲಿಯೇ ದೊರೆಯುತ್ತದೆ. ಕಾಲು ಮುರಿದರೆ ವೈದ್ಯರ ಬಳಿಗೆ ಹೋಗಲು ನಾಚುವವರುಂಟೇ? ಮನಸ್ಸು ನೊಂದಾಗಲೂ ನಾಚಬೇಕಾದ್ದಿಲ್ಲ.

ತಾಯಿತಂದೆಗಳಲ್ಲಿಯೂ ನಮ್ಮ ಬಿನ್ನಹವುಂಟು. ಮಗಳು ಬಂದೊಡನೆ ‘ಎಷ್ಟು ಜನ ಸತ್ತರು? ಹೇಗೆ ಸತ್ತರು?’ ಎಂದು ಕೇಳಬೇಡಿರಿ. ನೆಂಟರಿಷ್ಟರು ಕೇಳಿದರೆ ನೀವೇ ತಡೆಯಿರಿ. ‘ಇಷ್ಟೆಲ್ಲ ಓದಿಸಿದ್ದು ಇದಕ್ಕೇ ಏನು? ಬಿಟ್ಟುಬಿಡು’ ಎಂದೂ ಅವಸರಪಡಬೇಡಿರಿ. ಅವಳ ಕೆಲಸವು ಅವಳ ಮಾನ. ಬಿಸಿ ರಾಗಿಮುದ್ದೆಯನ್ನಿಕ್ಕಿ, ಮಲಗುವಷ್ಟು ಹೊತ್ತು ಮಲಗಗೊಟ್ಟು, ಪಕ್ಕದಲ್ಲಿ ಕುಳಿತುಕೊಳ್ಳಿರಿ. ದೂತನು ಎಲೀಯನಿಗೆ ಮಾಡಿದ್ದು ಇದಕ್ಕಿಂತ ಹೆಚ್ಚಿನದಲ್ಲ.

ಶಾಲೆಯ ಹಿತೈಷಿಗಳ ಮುಂದೆ ಒಂದು ಸೂಚನೆಯನ್ನಿಟ್ಟು ಮುಗಿಸುತ್ತೇವೆ. ಪೂರ್ವ ವಿದ್ಯಾರ್ಥಿನಿಯರ ಸಂಘದವರು ಆಸ್ಪತ್ರೆಗಳಲ್ಲಿಯೂ ಅನಾಥಾಲಯಗಳಲ್ಲಿಯೂ ಪರಿಹಾರ ಕಾರ್ಯಗಳಲ್ಲಿಯೂ ಇರುವ ನಮ್ಮ ಹುಡುಗಿಯರ ಒಂದು ಪಟ್ಟಿಯನ್ನು ಮಾಡಲಿ. ಒಬ್ಬೊಬ್ಬಳ ಹೆಸರಿನ ಎದುರಿಗೂ, ಊರಿನಲ್ಲಿರುವ ಇನ್ನೊಬ್ಬ ಪೂರ್ವ ವಿದ್ಯಾರ್ಥಿನಿಯ ಹೆಸರನ್ನು ಬರೆಯಲಿ. ಆಕೆಯು ತಿಂಗಳಿಗೊಮ್ಮೆಯೂ, ಆಪತ್ಕಾಲದಲ್ಲಿ ವಾರಕ್ಕೊಮ್ಮೆಯೂ ಆ ಹುಡುಗಿಯನ್ನು ವಿಚಾರಿಸಿ, ‘ಊಟವಾಯಿತೇ, ನಿದ್ರೆ ಬಂತೇ, ಯಾವಾಗ ಬರುತ್ತೀ?’ ಎಂಬ ಮೂರು ಮಾತುಗಳನ್ನು ತಪ್ಪದೆ ಕೇಳಲಿ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ. ನಾವು ಇಷ್ಟು ಹಿಂದೆಯೇ ಮಾಡಿದ್ದರೆ, ಶಿವನಿಯ ಹೊಲದ ಬದುವಿನ ಮೇಲೆ ಆ ದಿನ ಕೇಳಿದ ಮಾತನ್ನು ಕೇಳಬೇಕಾಗುತ್ತಿರಲಿಲ್ಲ.

ಆ ಹುಡುಗಿಯ ಸಮಾಚಾರವನ್ನು ವಾಚಕರು ಅಪೇಕ್ಷಿಸುವರು. ಅವಳು ಕೆಲವು ತಿಂಗಳು ಮನೆಯಲ್ಲಿದ್ದು, ಮನೋವೈದ್ಯರೊಬ್ಬರ ಸಹಾಯವನ್ನು ಪಡೆದು, ತಿರುಗಿ ದಾದಿಯ ಕೆಲಸಕ್ಕೇ ಸೇರಿದಳು. ಫೋನಿನ ಸದ್ದು ಈಗಲೂ ಒಮ್ಮೊಮ್ಮೆ ಅವಳನ್ನು ಬೆಚ್ಚಿಸುವುದುಂಟು. ಆದರೆ ಪ್ರತಿ ಭಾನುವಾರ ಸಂಜೆ ಅದೇ ಫೋನಿನಲ್ಲಿ ಅವಳು ನಮ್ಮೊಡನೆ ಮಾತಾಡುತ್ತಾಳೆ. ‘ಯಾವಾಗ ಬರುತ್ತೀ?’ ಎಂದು ನಾವು ಕೇಳುತ್ತೇವೆ. ಅವಳು ತಾರೀಖನ್ನು ಹೇಳುತ್ತಾಳೆ. ನಮ್ಮ ಶಾಲೆಯಿಂದ ಹೊರಟ ಒಬ್ಬೊಬ್ಬಳಿಗೂ ಹೀಗೆ ಕೇಳುವವರೊಬ್ಬರನ್ನು ದೇವರು ದಯಪಾಲಿಸಲಿ. ಹಾಗೆ ಕೇಳುವವರು ನಾವೇ ಆಗಿರಲಿ.